ಹಲ್ಲಿನ ಲೋಟ

ನಮ್ಮೂರಲ್ಲಿ ಪಾತ್ರೆ ಕಳೆದರೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಮುಚ್ಚಳ ಕಳೆದರೆ ಮನೆಮಂದಿಯೆಲ್ಲ ಮಂಚದ ಕೆಳಗೆ ಬಗ್ಗುತ್ತಾರೆ. ನಾನು ಕೆಲಸ ಮಾಡುವುದು ಮುಚ್ಚಳದ ಅಂಗಡಿಯಲ್ಲಿ. ಬಿಂದಿಗೆ, ಚೊಂಬು, ಲೋಟ, ಸ್ನಾನದ ಬಕೆಟ್ಟು, ಹೂದಾನಿ, ಕೊನೆಗೆ ನಾಯಿಗೆ ನೀರಿಡುವ ಬೋಗುಣಿಗೂ ನಮ್ಮಲ್ಲಿ ಮುಚ್ಚಳ ಸಿಗುತ್ತದೆ. ಹೊಸದಾಗಿ ಮದುವೆಯಾದವರು ತಮ್ಮ ಕೋಣೆಗೆಂದು ಒಂದು ಹೆಚ್ಚಿಗೆ ಕೊಳ್ಳುತ್ತಾರೆ. ಆಸ್ತಿ ಪಾಲು ಮಾಡಿಕೊಳ್ಳಲು ಹೊರಟ ಅಣ್ಣತಮ್ಮಂದಿರು ಬಂದರೆ ಡಜನ್ನಿನ ಮಾತು.

ನಮ್ಮೂರ ನೀರು ಕೇಳಿಸಿಕೊಳ್ಳುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಿ ನಿಂತ ನೀರು ಹತ್ತಿರ ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಗ್ಗಿಸಿ ಸುರಿದರೆ ಆ ಮಾತು ಆಡಿದವರ ದನಿಯಲ್ಲೇ ಹೊರಗೆ ಬರುತ್ತದೆ, ಒಂದೇ ಸಲ. ನೆಲಕ್ಕೆ ಬಿದ್ದ ಮೇಲೆ ಅದು ಬರೀ ನೀರು. ಕುಡಿದರೆ ಮಾತು ಹೊಟ್ಟೆಗೆ ಹೋಯಿತು ಅಂತಲೇ ಲೆಕ್ಕ. ಕಾಯಿಸಿದರೆ ಅಳಿಸಿಹೋಗುತ್ತದೆ. ದೊಡ್ಡ ಹಂಡೆಯಾದರೆ ಇಡೀ ಹಗಲಿನ ಮಾತು ಹಿಡಿಯುತ್ತದೆ. ಲೋಟಕ್ಕೆ ಕಡೆಯ ನಾಲ್ಕಾರು ಮಾತಿನಷ್ಟೇ ಜಾಗ, ಹೊಸದು ಬಂದರೆ ಹಳೆಯದು ಎದ್ದು ಹೋಗುತ್ತದೆ. ಇಷ್ಟನ್ನು ನಮ್ಮೂರ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತಾರೆ.

ಬೇರೆಯವರ ಮನೆಗೆ ಹೋದಾಗ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದ ನೀರನ್ನೆಲ್ಲ ಮುಚ್ಚುವುದು ಮರ್ಯಾದೆ. ಇನ್ನೊಬ್ಬರ ನೀರು ಸುರಿದು ಕೇಳುವವರನ್ನು ಕಳ್ಳರಿಗಿಂತ ಕೀಳಾಗಿ ಕಾಣುತ್ತಾರೆ. ಆದರೆ ಎಂಜಲು ನೀರನ್ನು ಯಾರೂ ಮುಚ್ಚುವುದಿಲ್ಲ. ಕುಡಿದು ಉಳಿಸಿದ ಲೋಟ, ಬಾಯಿ ಮುಕ್ಕಳಿಸಿದ ತಂಬಿಗೆ, ಇವೆಲ್ಲ ಕಿವುಡು ಎಂದು ಊರಿಗೇ ಗೊತ್ತು. ಹೇಗೆ ಗೊತ್ತು ಎಂದು ಕೇಳಿದವರಿಲ್ಲ. ಎಂಜಲು ನೀರನ್ನು ಬಚ್ಚಲಿಗೆ ಚೆಲ್ಲುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡೇ ಚೆಲ್ಲಬೇಕು ಎನ್ನುವುದು ಮನೆಮನೆಯ ಮಡಿ. ಆ ನಲ್ಲಿಯ ಸದ್ದಿನಲ್ಲಿ ಯಾರಿಗೂ ಯಾವತ್ತೂ ಏನೂ ಕೇಳಿಸಿಲ್ಲ. ಆದ್ದರಿಂದ ಅದು ಕಿವುಡು.

ನನ್ನ ಅತ್ತೆ ಹೊಂಬಾಳಮ್ಮ, ಅಂದರೆ ಅಪ್ಪನ ಅಕ್ಕ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಬೇಗ ಹೋದ್ದರಿಂದ ನನ್ನನ್ನು ಸಾಕಿದ್ದು ಅವಳೇ. ಅವಳ ದನಿ ಮೈದಾನದ ಈ ತುದಿಯಿಂದ ಆ ತುದಿಗೆ ಸೀಟಿ ಇಲ್ಲದೆ ಮುಟ್ಟುತ್ತಿತ್ತು. ಅವಳು ನನಗೆ ಬೈದರೆ ಪಕ್ಕದ ಮನೆಯವರ ಬಿಂದಿಗೆಯಲ್ಲಿ ಸಿಗುತ್ತಿತ್ತು. "ನಿನ್ನೆ ಬೈದದ್ದು ಬಹಳ ಚೆನ್ನಾಗಿ ಬಂದಿದೆ ಹೊಂಬಾಳಮ್ಮ, ಅನ್ನಕ್ಕೆ ನೀರು ಹಾಕುವಾಗ ಪೂರ್ತಿ ಕೇಳಿಸ್ತು" ಎಂದು ಅವರು ಕಾಂಪೌಂಡಿನ ಆಚೆಯಿಂದ ಹೇಳುತ್ತಿದ್ದರು. "ನಿಮ್ಮ ಬಿಂದಿಗೆ ಮುಚ್ಚಿಕೊಳ್ರೀ, ನನ್ನ ಬಾಯಿ ಯಾಕೆ ಮುಚ್ಚಿಸ್ತೀರಿ" ಎನ್ನುತ್ತಿದ್ದಳು ಅತ್ತೆ.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಆರೈಕೆ ಮನೆಯನ್ನು ಆರಿಸಿದ್ದೂ ಅತ್ತೆಯೇ. ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಅವಳನ್ನು ಎತ್ತಿ ಕೂರಿಸಲು ಜನ ಬೇಕಿತ್ತು. ಗುಡ್ಡದ ಮೇಲಿನ ಆ ಆರೈಕೆ ಮನೆಯ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ನಮ್ಮ ಕೋಣೆಗಳಲ್ಲಿ ನೀರಿಲ್ಲ, ನಿಮ್ಮವರ ಮಾತು ನಿಮ್ಮವರದೇ. ಕೇಳಿದಾಗ ನೀರು ತಂದು ಕುಡಿಸಿ ಪಾತ್ರೆ ವಾಪಸ್ಸು ಒಯ್ಯುತ್ತಾರಂತೆ. ಊರಿನ ಮರ್ಯಾದಸ್ಥರೆಲ್ಲ ತಮ್ಮ ಮನೆಯ ಹಿರಿಯರನ್ನು ಅಲ್ಲಿಗೇ ಸೇರಿಸುತ್ತಿದ್ದರು. ಅತ್ತೆಗೂ ಅದು ಹಿಡಿಸಿತು. "ನನ್ನ ನರಳಾಟ ಕೇಳೋಕೆ ಯಾವಳೂ ಚೊಂಬು ಹಿಡ್ಕೊಂಡು ಕೂತಿರಬಾರದು ಕಣೇ ದಾಕ್ಷಿ. ಅಲ್ಲಿಗೇ ಸೇರಿಸು" ಎಂದಳು. ಸೇರಿಸಿದೆ.

ಮೊದಮೊದಲು ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಅತ್ತೆಯ ತುಟಿ ಹಳೆಯ ಗೋಡೆಯ ಸುಣ್ಣದಂತೆ ಸಿಪ್ಪೆ ಏಳತೊಡಗಿತು. ವಯಸ್ಸಾದವರಿಗೆ ಚರ್ಮ ಒಣಗುತ್ತದೆ ಎಂದರು. ಬಳೆ ಮುಂಗೈಯಿಂದ ಮೊಣಕೈಗೆ ಜಾರಿತು. ಊಟ ಸೇರುತ್ತಿಲ್ಲ ಎಂದರು. ಮಣಿಕಟ್ಟಿನ ಸುತ್ತ ನೀಲಿ ಪಟ್ಟಿ ಕಾಣಿಸಿತು. ರಕ್ತ ತೆಗೆಯುವಾಗ ಆದದ್ದು ಎಂದರು. ನಾನು ಹೋದಾಗಲೆಲ್ಲ ಪಂಕಜ ಎಂಬ ಆಯಾ ಬಾಗಿಲಿಗೆ ಒರಗಿ ನಿಂತೇ ಇರುತ್ತಿದ್ದಳು. ಅವಳು ಹತ್ತಿರ ಬಂದರೆ ಅತ್ತೆ, ಇಡೀ ಶಾಲೆಯನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದ ಅತ್ತೆ, ಭುಜ ಒಳಗೆಳೆದುಕೊಳ್ಳುತ್ತಿದ್ದಳು.

ಅತ್ತೆಯ ಬಾಯಲ್ಲಿ ಹಲ್ಲು ಇರುತ್ತಿರಲಿಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಮಂಚದ ಪಕ್ಕದ ಸ್ಟೂಲಿನ ಮೇಲೆ ಗಾಜಿನ ಲೋಟದ ನೀರಿನಲ್ಲಿ ಮುಳುಗಿ ಕೂತಿರುತ್ತಿತ್ತು. "ಒಸಡು ಹುಣ್ಣಾಗಿದೆಯಮ್ಮ, ಹಾಕ್ಕೊಂಡ್ರೆ ನೋವು" ಎನ್ನುತ್ತಿದ್ದಳು ಪಂಕಜ. ಅತ್ತೆ ನನ್ನ ಕೈ ಹಿಡಿದು ಉದ್ದಕ್ಕೆ ಏನೋ ಹೇಳುತ್ತಿದ್ದಳು. ಬೊಚ್ಚು ಬಾಯಿ, ಒಣಗಿದ ನಾಲಿಗೆ, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನಾನು ಹೂಂ ಹೂಂ ಎನ್ನುತ್ತಿದ್ದೆ. ಪಂಕಜ ಅರ್ಥ ಹೇಳುತ್ತಿದ್ದಳು: "ಮನೆಗೆ ಹೋಗ್ಬೇಕಂತೆ. ಎಲ್ಲರೂ ಅದೇ ಹೇಳ್ತಾರೆ ಪಾಪ." ಒಮ್ಮೆ ಪೆನ್ನು ಕೊಟ್ಟೆ. ಅವರು ಕೊಡುತ್ತಿದ್ದ ಮಾತ್ರೆಗೆ ಕೈ ನಡುಗಿ ಬರೀ ಗೀಟುಗಳಾದವು.

ಮನೆಗೆ ಕರೆದೊಯ್ಯುತ್ತೇನೆ ಎಂದು ಮ್ಯಾನೇಜರ್ ಗುರುಪಾದಯ್ಯನ ಕೋಣೆಗೆ ಹೋದೆ. ಅವನು ಮೊದಲು ಮೇಜಿನ ಮೇಲಿನ ಹೂಜಿ ಮುಚ್ಚಿದ. ಕಿಟಕಿಯ ಬಳಿಯ ಹೂದಾನಿ ಮುಚ್ಚಿದ. ಆಮೇಲೆ ನಕ್ಕ. "ನೋಡಮ್ಮ, ನಮ್ಮ ಡಾಕ್ಟರು ನಿಮ್ಮತ್ತೆಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಬರ್ದುಕೊಟ್ಟಿದ್ದಾರೆ. ಹಾಗೆ ಬರೆದ ಮೇಲೆ ಜವಾಬ್ದಾರಿ ನಮ್ಮದು. ಕೋರ್ಟು ಬೇರೆ ಹೇಳೋವರೆಗೂ ಗೇಟು ದಾಟಿಸೋ ಹಾಗಿಲ್ಲ. ನಾನು ಮಾಡಿದ ಕಾನೂನಲ್ಲ, ಊರಿಂದು" ಎಂದ. ನಮ್ಮೂರಲ್ಲಿ ಆ ಕಾನೂನು ಇರುವುದು ನಿಜ. "ಅವರಿಗೆ ಬುದ್ಧಿ ಸರಿಯಾಗೇ ಇದೆ" ಎಂದೆ. "ಹಾಗಾದ್ರೆ ಅವರು ಏನು ಹೇಳ್ತಾರೆ, ನೀನೇ ಹೇಳು" ಎಂದ.

ಮುಂದಿನ ಸಲ ಹೋದಾಗ, ನಾನು ಬಾಯಿ ತೆರೆಯುವ ಮೊದಲೇ, ಪಕ್ಕದ ಕೋಣೆಯಲ್ಲಿ ಯಾರೋ ದಡಾರನೆ ಬಿದ್ದ ಸದ್ದಾಗಿ ಪಂಕಜ ಆ ಕಡೆ ಓಡಿದಳು. ಸುಮ್ಮನೆ ಕೂರುವ ಬದಲು ಅತ್ತೆಯ ಹಲ್ಲನ್ನಾದರೂ ಉಜ್ಜಿಡೋಣ ಎಂದು ಲೋಟ ಎತ್ತಿಕೊಂಡು ಮೂಲೆಯ ಬೇಸಿನ್ನಿಗೆ ಹೋದೆ. ರೂಢಿಯಂತೆ ಮೊದಲು ನಲ್ಲಿ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ನೀರಿಲ್ಲದ ಕೋಣೆಯಲ್ಲಿ ನಲ್ಲಿ ಶೋಕಿಗಷ್ಟೇ ಇತ್ತು. ಹಾಗೆಯೇ ಲೋಟ ಬಗ್ಗಿಸಿದೆ.

"ಕೈ ಬಿಡೇ ಪಂಕಜ, ನೋಯ್ತದೆ" ಎಂದಿತು ನೀರು.

ಅತ್ತೆಯ ದನಿ. ಪ್ರತಿ ಅಕ್ಷರವೂ ಸ್ವಚ್ಛ. ಅದರ ಬೆನ್ನಿಗೆ ಪಂಕಜಳ ದನಿ: "ಬಾಯಿ ಬಿಡು ಮುದುಕಿ, ಆಮೇಲೆ ಒಂದು ಗುಟುಕು ಕೊಡ್ತೀನಿ." ಆಮೇಲೆ ಹಲ್ಲಿನ ಸೆಟ್ಟು ಬೇಸಿನ್ನಿಗೆ ಜಾರಿ ಟಣ್ ಎಂದಿತು.

ನಾನು ತಿರುಗಿ ನೋಡಿದೆ. ಅತ್ತೆ ದಿಂಬಿನಿಂದ ತಲೆ ಎತ್ತಿ ನನ್ನ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ ಎಂದು ಅವಳ ಹುಬ್ಬು ನೋಡಿದರೇ ತಿಳಿಯುತ್ತಿತ್ತು. ಮೊದಲು ನಕ್ಕವಳು ಅವಳು, ಸದ್ದಿಲ್ಲದೆ, ಬೊಚ್ಚು ಬಾಯಿ ಅಗಲ ಮಾಡಿಕೊಂಡು. ಪಂಕಜಳ ಹೆಜ್ಜೆ ಕೇಳಿಸಿತು. ಚೀಲದಲ್ಲಿದ್ದ ನನ್ನ ಬಾಟಲಿಯಿಂದ ಅತ್ತೆಗೆ ಒಂದು ಗುಟುಕು ಕುಡಿಸಿ, ಉಳಿದ ನೀರನ್ನು ಲೋಟಕ್ಕೆ ಸುರಿದು, ಹಲ್ಲು ಹಾಕಿ, ಮೊದಲಿದ್ದಲ್ಲೇ ಇಟ್ಟೆ.

ಆ ವಾರವೆಲ್ಲ ನಾನು ಕಂಡಕಂಡ ಎಂಜಲು ನೀರು ಸುರಿದೆ. ಮನೆಯಲ್ಲಿ ಅರ್ಧ ಕುಡಿದ ಲೋಟದ ಮುಂದೆ ಅಂಗಡಿಯ ಮುಚ್ಚಳಗಳ ಅಳತೆ ಹೇಳಿ, ನಲ್ಲಿ ನಿಲ್ಲಿಸಿ, ಸುರಿದರೆ ಅಳತೆಯೆಲ್ಲ ನನ್ನ ದನಿಯಲ್ಲೇ ವಾಪಸ್ಸು ಬಂತು. ಅಂಗಡಿಯಲ್ಲಿ ಮಾಲೀಕರು ಕುಡಿದಿಟ್ಟ ತಂಬಿಗೆಯನ್ನು ಹಿತ್ತಿಲಲ್ಲಿ ಬಗ್ಗಿಸಿದೆ. "ಈ ದಾಕ್ಷಾಯಿಣಿ ಊಟಕ್ಕೆ ಹೋದ್ರೆ ನಿದ್ದೆ ಮುಗಿಸಿಕೊಂಡೇ ಬರೋದು" ಎಂದಿತು. ಹೋಟೆಲಿನಲ್ಲಿ ಎದುರಿನವರು ಬಿಟ್ಟು ಹೋದ ಲೋಟ ಸುರಿದಾಗ ಕೇಳಿಸಿದ್ದನ್ನು ಬರೆಯುವ ಹಾಗಿಲ್ಲ. ಅವರಿಬ್ಬರೂ ಈಗಲೂ ಊರಲ್ಲಿ ಮರ್ಯಾದಸ್ಥರು. ಇಡೀ ಊರು ಶುದ್ಧ ನೀರಿಗೆ ಮುಚ್ಚಳ ಹಾಕಿ, ಎಂಜಲಿನ ಮುಂದೆ ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಾ ಇಷ್ಟು ಕಾಲ ಬದುಕಿತ್ತು. ನನಗೆ ಭಯಕ್ಕಿಂತ ಹೆಚ್ಚಾಗಿ ಕುತೂಹಲ ಹಿಡಿಯಿತು. ಎಷ್ಟು ಜನ ಇದು ಗೊತ್ತಿದ್ದೂ ಸುಮ್ಮನಿದ್ದಾರೆ?

ಜಬೀನಾ ವಕೀಲರ ಬಳಿ ಹೋದೆ. ನೀರುಸಾಕ್ಷಿಯ ಕೇಸುಗಳಲ್ಲಿ ಊರಿಗೆ ದೊಡ್ಡ ಹೆಸರು ಅವರದು. ಕಚೇರಿಯ ತುಂಬ ಮೊಹರು ಮಾಡಿದ ಚೊಂಬು ಬಿಂದಿಗೆಗಳು, ಕಾಲಿಡಲು ಜಾಗವಿಲ್ಲ. ನಾನು ಹೇಳಿದ್ದನ್ನೆಲ್ಲ ಎಲೆ ಅಡಿಕೆ ಜಗಿಯುತ್ತಾ ಕೇಳಿದರು.

"ಆ ಲೋಟ ಸುರಿದು ಕೇಳಿಬಿಟ್ಟೆಯಾ?"

"ಕೇಳಿಬಿಟ್ಟೆ ಮೇಡಂ."

"ಹಾಗಾದ್ರೆ ಹೋಯ್ತು. ನೀನು ಕೇಳಿದ್ದನ್ನ ಕೋರ್ಟು ಕೇಳಲ್ಲ. ಕೋರ್ಟಿನಲ್ಲೇ ಮೊದಲ ಸಲ ಸುರೀಬೇಕು, ಅದೇ ಪಾತ್ರೆಯಿಂದ. ಇನ್ನೊಂದಕ್ಕೆ ಬಗ್ಗಿಸಿಕೊಂಡು ಬಂದ್ರೆ ದಾರೀಲೇ ಮಾತು ಮುಗಿದಿರುತ್ತೆ." ಆಮೇಲೆ ಅತ್ತೆಯ ಬಗ್ಗೆ ಕೇಳತೊಡಗಿದರು. ಮೈಮೇಲೆ ಗುರುತಿದೆಯೇ, ತೂಕ ಇಳಿದಿದೆಯೇ, ನಿನ್ನೊಬ್ಬಳನ್ನೇ ಅವರ ಬಳಿ ಬಿಡುತ್ತಾರೆಯೇ, ಯಾವ ಮಾತ್ರೆ ಎಂದು ಕೇಳಿದರೆ ಹೇಳುತ್ತಾರೆಯೇ. ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋದಂತೆ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಎಲ್ಲವನ್ನೂ ನಾನು ನೋಡಿದ್ದೆ. ಬಿಡಿಬಿಡಿಯಾಗಿ ನೋಡಿದ್ದೆ.

"ಒಂದೊಂದಕ್ಕೂ ಅವರ ಹತ್ರ ಒಂದೊಂದು ಕಾರಣ ಇತ್ತು ಮೇಡಂ."

"ಕಾರಣ ಇದ್ದೇ ಇರುತ್ತೆ. ಎಲ್ಲಾ ಕಾರಣಾನೂ ಒಂದೇ ಬಾಯಿಂದ ಬರ್ತಿದ್ರೆ ಸ್ವಲ್ಪ ಅನುಮಾನ ಪಡ್ಬೇಕು. ನೀರು ಕುಡಿಸಿದ್ರೆ ಹಾಸಿಗೆ ಒದ್ದೆ ಆಗುತ್ತೆ. ಹಾಸಿಗೆ ಬದಲಾಯಿಸೋಕೆ ಜನ ಬೇಕು. ಜನ ಇಟ್ಟುಕೊಂಡಿಲ್ಲ. ನಿಮ್ಮತ್ತೆ ಜಗಳ ಮಾಡಿರ್ತಾರೆ. ಹಲ್ಲು ತೆಗೆದ್ರೆ ಜಗಳ ನಿಂತ್ಹೋಗುತ್ತೆ, ಮೇಲೆ ಬುದ್ಧಿ ಕೆಟ್ಟಿದೆ ಅಂತ ಬರೆಯೋದೂ ಸಲೀಸು." ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದರು. "ಆದ್ರೆ ಎಂಜಲು ನೀರು ಮಾತಾಡುತ್ತೆ ಅಂತ ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಕೇಳಿಲ್ಲ."

ಅವರ ಮೇಜಿನ ಮೇಲೆ ಕುಡಿದು ಉಳಿಸಿದ ಲೋಟವಿತ್ತು. "ಈಗಲೇ ಸುರಿದು ತೋರಿಸ್ತೀನಿ" ಎಂದು ಕೈ ಹಾಕಿದೆ. ಅವರು ಕೈ ಮೇಲೆ ಹೊಡೆದರು. "ಬೇಡ. ನಂಬ್ತೀನಿ ಅಂದ್ರೆ ನಾನು ವಾದ ಮಾಡಬಹುದು. ಗೊತ್ತಿದೆ ಅಂದ್ರೆ ನಾನೇ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತೆ. ಮತ್ತೆ ಕೇಳು, ಈ ವಿಷಯ ಒಂದು ಪಿಳ್ಳೆಗೂ ಹೇಳ್ಬೇಡ. ಗುರುಪಾದಯ್ಯನ ಕಿವಿಗೆ ಬಿದ್ದ ದಿನ ಆ ಲೋಟಕ್ಕೂ ಮುಚ್ಚಳ ಬೀಳುತ್ತೆ."

ಲೋಟದ ಬಾಯಿಯ ಅಗಲ ನನ್ನ ಕಣ್ಣಿಗೆ ಅಂದಾಜಿತ್ತು. ಅಂಗಡಿಯಿಂದ ರಬ್ಬರ್ ಸುತ್ತಿದ ಮುಚ್ಚಳವೊಂದನ್ನು ತೆಗೆದುಕೊಂಡು ಗುಡ್ಡ ಹತ್ತಿದೆ. ಗೇಟಿನವನು ಚೀಲ ತಡಕಿ ಬಾಯಿ ತೆರೆದ ನೀರಿನ ಪಾತ್ರೆ ಇಲ್ಲ ಎಂದು ಬಿಟ್ಟ. ಮೆಟ್ಟಿಲು ಹತ್ತುವಾಗ ಮಾಡಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ: ಒಂದು ಮಾತೂ ಆಡದೆ ಒಳಗೆ ಹೋಗಬೇಕು, ಲೋಟ ಮುಚ್ಚಬೇಕು, ಆಮೇಲೆ ಬಾಯಿ ತೆರೆಯಬೇಕು. ನಾನೇ ಮಾತಾಡಿದರೆ ನನ್ನ ಮಾತು ಒಳಗೆ ಹೋಗಿ ಅವರದು ಎದ್ದು ಹೋದೀತು.

ಅತ್ತೆ ದಿಂಬಿಗೆ ಒರಗಿದ್ದಳು. ತುಟಿಯ ಕೊನೆಯಲ್ಲಿ ಹೊಸದಾಗಿ ರಕ್ತ ಹೆಪ್ಪುಗಟ್ಟಿತ್ತು. ಹಲ್ಲು ಲೋಟದಲ್ಲಿತ್ತು, ನೀರು ಇನ್ನೂ ಅಲುಗುತ್ತಿತ್ತು. ನಾನು ನೇರವಾಗಿ ಸ್ಟೂಲಿನ ಬಳಿಗೆ ಹೋಗಿ ಚೀಲದೊಳಗೆ ಕೈ ಹಾಕಿದೆ. ರಬ್ಬರ್ ಚೀಲದ ಬಟ್ಟೆಗೆ ಸಿಕ್ಕಿಕೊಂಡಿತು.

"ಏನಮ್ಮ, ಇವತ್ತು ಮಾತೇ ಇಲ್ಲ?" ಎಂದಳು ಬಾಗಿಲಲ್ಲಿದ್ದ ಪಂಕಜ.

ಮುಚ್ಚಳ ಒತ್ತಿ ಕೂರಿಸಿದೆ. ಅವಳ ಮಾತು ಒಳಗೆ ಹೋಗಿತ್ತು. ಏನನ್ನು ಹೊರಗೆ ತಳ್ಳಿ ಹೋಯಿತೋ ನನಗೆ ತಿಳಿಯುವಂತಿರಲಿಲ್ಲ. ತಿಳಿಯಬೇಕಾದರೆ ಸುರಿಯಬೇಕು, ಸುರಿದರೆ ಕೋರ್ಟಿಗೆ ಉಳಿಯುವುದಿಲ್ಲ.

"ಹಲ್ಲಿನ ಡಾಕ್ಟರಿಗೆ ತೋರಿಸಿ ಸರಿ ಮಾಡಿಸಿಕೊಂಡು ಬರ್ತೀನಿ" ಎಂದೆ. ಪಂಕಜ ಗುರುಪಾದಯ್ಯನನ್ನು ಕರೆದಳು. ಅವನು ಬಂದು ನನ್ನ ಕೈಯಲ್ಲಿದ್ದ ಲೋಟವನ್ನು ನೋಡಿ ಮುಖ ಸಿಂಡರಿಸಿದ.

"ತಗೊಂಡು ಹೋಗಮ್ಮ, ನಮಗೇನು. ಎಂಜಲು ನೀರಿಗೆ ಮುಚ್ಚಳ ಬೇರೆ! ಮುಚ್ಚಳದ ಅಂಗಡಿಯವಳು ಅಂತ ಗೊತ್ತಾಗುತ್ತೆ ಬಿಡು" ಎಂದು ನಕ್ಕ.

"ಒಣಗಿದ್ರೆ ಬಿರುಕು ಬಿಡುತ್ತಂತೆ ಸಾರ್. ಬಸ್ಸಲ್ಲಿ ಚೆಲ್ಲಬಾರದಲ್ಲ."

ಅತ್ತೆಯ ಕಡೆ ನೋಡಿದೆ. ಕೋರ್ಟಿನ ದಿನದವರೆಗೆ ಅವಳು ಗಂಜಿ ಕುಡಿದುಕೊಂಡು ಬೊಚ್ಚು ಬಾಯಲ್ಲೇ ಇರಬೇಕು. ಅವಳು ಹೊದಿಕೆಯ ಕೆಳಗಿನಿಂದ ಬಲಗೈ ಈಚೆ ತೆಗೆದು, ಮೈದಾನದಲ್ಲಿ ಸಾಲು ಹೊರಡಿಸುವಾಗ ಮಾಡುತ್ತಿದ್ದಂತೆ, ಎರಡು ಬೆರಳನ್ನು ಮುಂದಕ್ಕೆ ಆಡಿಸಿದಳು. ನಡಿ.

ಬಸ್ಸಿನಲ್ಲಿ ಮುಚ್ಚಿದ ಪಾತ್ರೆ ಹಿಡಿದು ಬಂದವರಿಗೆ ಜಾಗ ಬಿಡುವುದು ನಮ್ಮೂರ ಪದ್ಧತಿ. ಸಾಕ್ಷಿಯ ನೀರು ಎಂದರೆ ಗರ್ಭಿಣಿಗೆ ಎದ್ದಂತೆ ಏಳುತ್ತಾರೆ. ನನಗೂ ಒಬ್ಬರು ಎದ್ದರು. ಆಮೇಲೆ ಗಾಜಿನೊಳಗೆ ಇಣುಕಿ ನೋಡಿ, ಎದ್ದದ್ದಕ್ಕೆ ಪಶ್ಚಾತ್ತಾಪವಾಯಿತೋ ಏನೋ, "ಇದೇನಮ್ಮ, ನೀರಿಗೆ ಹಲ್ಲು ಬಂದಿದೆ?" ಎಂದರು. ಬಸ್ಸೆಲ್ಲ ನಕ್ಕಿತು. "ಯಾರಿಗೆ ಕಚ್ಚಿಸೋಕೆ ಹೊರಟಿದ್ದೀಯ?" ಎಂದು ಹಿಂದಿನ ಸೀಟಿನಿಂದ ಇನ್ನೊಬ್ಬರು ಕೂಗಿದರು. ನಾನು ಎರಡೂ ಕೈಯಲ್ಲಿ ಲೋಟ ಹಿಡಿದು ಹಳ್ಳ ದಿಣ್ಣೆ ನೋಡುತ್ತಾ ಕೂತೆ. ಕೋರ್ಟಿನ ಗುಮಾಸ್ತರು ಅದಕ್ಕೆ ಅರಗಿನ ಮೊಹರು ಹಾಕುವಾಗ ಮೂಗು ಮುಚ್ಚಿಕೊಂಡಿದ್ದರು.

ವಿಚಾರಣೆಯ ದಿನ ಆರೈಕೆ ಮನೆಯವರು ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಗುರುಪಾದಯ್ಯನ ವಕೀಲರು ಅವಳ ಮುಂದೆ ಬಾಗಿ, ಎಲ್ಲರಿಗೂ ಕೇಳುವಂತೆ, "ಅಜ್ಜಿ, ನಿಮ್ಮ ಹೆಸರೇನು?" ಎಂದು ಕೇಳಿದರು. ಅತ್ತೆ ಹೇಳಿದಳು. ತುಟಿ ತುಟಿಗೆ ತಾಗಿ ಬಂದ ಸದ್ದಿನಲ್ಲಿ ಹೊಂಬಾಳೆಯೂ ಇರಲಿಲ್ಲ, ಅಮ್ಮನೂ ಇರಲಿಲ್ಲ. "ನೋಡಿ ಸ್ವಾಮಿ" ಎಂದು ವಕೀಲರು ಕೈ ಚೆಲ್ಲಿದರು. "ತಮ್ಮ ಹೆಸರೇ ಇವರಿಗೆ ಗೊತ್ತಿಲ್ಲ. ಸಾಕ್ಷಿ ಅಂತ ಏನು ತಂದಿದ್ದಾರೆ? ಹಲ್ಲು ನೆನೆಹಾಕಿದ ನೀರು! ಎಂಜಲು ಕಿವುಡು ಅಂತ ಹಾಲು ಕುಡಿಯೋ ಮಕ್ಕಳಿಗೂ ಗೊತ್ತು. ಈ ಹೊಲಸನ್ನ ನ್ಯಾಯಪೀಠದ ಮುಂದೆ ಸುರಿಯೋದು ಪೀಠಕ್ಕೇ ಅವಮಾನ." ಇದನ್ನೇ ಅವರು ಬೇರೆ ಬೇರೆ ಮಾತಿನಲ್ಲಿ ಬಹಳ ಹೊತ್ತು ಹೇಳಿದರು. ವಯಸ್ಸಾದ ನ್ಯಾಯಾಧೀಶರು ಆಗಾಗ ಲೋಟ ಎತ್ತಿ ಒಂದೊಂದು ಗುಟುಕು ಕುಡಿಯುತ್ತಾ, ನಡುವೆ ಪಕ್ಕದ ಗುಮಾಸ್ತರ ಕಡೆ ಬಾಗಿ ಏನೋ ಪಿಸುಗುಟ್ಟುತ್ತಾ ಕೂತಿದ್ದರು.

ಜಬೀನಾ ವಕೀಲರು ಎದ್ದು ನಿಂತು ಒಂದೇ ಮಾತು ಕೇಳಿದರು. "ಎಂಜಲು ಕಿವುಡು ಅಂತ ಯಾವ ಕಾನೂನಿನಲ್ಲಿ ಬರೆದಿದೆ ಸ್ವಾಮಿ?"

ನ್ಯಾಯಾಧೀಶರು ಯೋಚಿಸಿದರು. "ಬರೆದಿಲ್ಲ. ಬರೆಯೋ ಅಗತ್ಯ ಯಾರಿಗೂ ಬಂದಿಲ್ಲ."

"ಹಾಗಾದ್ರೆ ತಮ್ಮ ಮುಂದೇನೇ ಒಂದು ಲೋಟ ಇದೆಯಲ್ಲ. ಬೆಳಗಿನಿಂದ ತಾವು ಕುಡಿದು ಬಿಟ್ಟಿದ್ದು. ಮುಚ್ಚಿಲ್ಲ. ಅದನ್ನೇ ಸುರಿದು ನೋಡಬಹುದಲ್ಲ?"

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ನ್ಯಾಯಾಧೀಶರು ತಮ್ಮ ಲೋಟವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ, ಅವರಿಗೂ ಕುತೂಹಲ ತಡೆಯಲಿಲ್ಲವೆಂದು ಕಾಣುತ್ತದೆ, ಸಾಕ್ಷಿ ಸುರಿಯುವ ಹಿತ್ತಾಳೆ ಬೋಗುಣಿಯನ್ನು ಹತ್ತಿರ ಎಳೆದುಕೊಂಡು ತಾವೇ ಬಗ್ಗಿಸಿದರು.

"ಈ ವಕೀಲ ಇನ್ನ ಎಷ್ಟು ಹೊತ್ತು ಕೊರೀತಾನೋ ಮಾರಾಯ. ಹೊಟ್ಟೆ ತಾಳ ಹಾಕ್ತಿದೆ" ಎಂದಿತು ನೀರು, ನ್ಯಾಯಾಧೀಶರ ದನಿಯಲ್ಲಿ. "ಚಿತ್ರಾನ್ನಕ್ಕೆ ಹೇಳಿದ್ದೀನಿ ಸ್ವಾಮಿ" ಎಂದಿತು ಗುಮಾಸ್ತರ ದನಿಯಲ್ಲಿ.

ಉಳಿದ ಮಾತು ನಗುವಿನಲ್ಲಿ ಮುಳುಗಿಹೋಯಿತು. ಆಮೇಲೆ ನಗು ನಿಲ್ಲಿಸಲು ಮೇಜು ಬಡಿಯಬೇಕಾಯಿತು. ಆ ಗಲಾಟೆಯಲ್ಲೇ ನಾನು ಗಮನಿಸಿದೆ: ಹಿಂದಿನ ಬೆಂಚುಗಳಲ್ಲಿ ಕೆಲವರು ನಗದೆ ಎದ್ದು ಬೇಗಬೇಗನೆ ಮನೆಯ ಕಡೆ ಹೊರಟಿದ್ದರು. ಗುರುಪಾದಯ್ಯನೂ ನಗುತ್ತಿರಲಿಲ್ಲ. ಅವನು ನನ್ನ ಲೋಟವನ್ನು ನೋಡುತ್ತಿದ್ದ. ಆ ದಿನ ಅದರ ಮುಂದೆ ಏನು ಮಾತಾಡಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದ.

"ಎಂಜಲಿಗೆ ಕಿವಿ ಇದೆ ಅಂತ ಕೋರ್ಟಿಗೆ ಮನವರಿಕೆಯಾಗಿದೆ" ಎಂದರು ನ್ಯಾಯಾಧೀಶರು, ಮುಖ ಕೆಂಪು ಮಾಡಿಕೊಂಡು. "ಮೊಹರು ಒಡೆಯಿರಿ."

ಪಂಕಜಳ ಆ ಒಂದು ಮಾತು ಬಿಟ್ಟು ಒಳಗೆ ಬೇರೇನೂ ಉಳಿದಿರದಿದ್ದರೆ ಅತ್ತೆ ಅದೇ ಗಾಲಿಕುರ್ಚಿಯಲ್ಲಿ ಗುಡ್ಡಕ್ಕೆ ವಾಪಸ್ಸು ಹೋಗುತ್ತಾಳೆ. ಅದೂ ಈ ಜನರ ಕೈಗೇ, ಇದೆಲ್ಲ ಆದ ಮೇಲೆ. ಗುಮಾಸ್ತರು ಮುಚ್ಚಳ ತೆಗೆದರು. ಯಾರೂ ಉಸಿರೆತ್ತಬಾರದು ಎಂದು ಕೈ ಎತ್ತಿದರು. ಸಣ್ಣ ಧಾರೆಯಾಗಿ ಬಗ್ಗಿಸಿದರು.

"ಆ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಾಳೆ. ತೆಗಿ, ಬೇಗ." ಗುರುಪಾದಯ್ಯನ ದನಿ.

"ಬಾಯಿ ಬಿಡ್ತಿಲ್ಲ ಸಾರ್."

"ಮೂಗು ಹಿಡಿ. ತಾನೇ ಬಿಡ್ತಾಳೆ."

"ಬೇಡ ಕಣಯ್ಯಾ." ಇದು ಅತ್ತೆ, ಕೋರ್ಟಿನ ಮೂಲೆ ಮೂಲೆಗೂ ಕೇಳುವಷ್ಟು ಸ್ಪಷ್ಟವಾಗಿ. "ನೀರು ಕೊಡದಿದ್ರೂ ಹೋಗ್ಲಿ. ಹಲ್ಲು ಬಿಟ್ಟುಬಿಡು. ಅವಳ ಹತ್ರ ನಾನು ಒಂದೇ ಒಂದು ಸಲ ಮಾತಾ..." ಅಲ್ಲಿಗೆ ಮಾತು ಮಾತಾಗಿ ಉಳಿಯಲಿಲ್ಲ. ತುಟಿಯ ಪಚಪಚ ಸದ್ದಾಯಿತು. ಹಲ್ಲು ನೀರಿಗೆ ಬಿದ್ದ ಜಾಗ ಅದು. ಎಲ್ಲರೂ ಅದನ್ನು ಕೇಳಿದರು, ಮಾತು ಬಾಯಿಂದ ಕಿತ್ತುಹೋಗುವುದನ್ನು.

"ಏನಮ್ಮ, ಇವತ್ತು ಮಾತೇ ಇಲ್ಲ?" ಎಂದಿತು ಕಡೆಯ ಹನಿ.

ಖಾಲಿ ಲೋಟದ ತಳದಲ್ಲಿ ಹಲ್ಲಿನ ಸೆಟ್ಟು ಉಳಿದಿತ್ತು. "ಅದನ್ನ ಅವರಿಗೆ ಕೊಡಿ" ಎಂದರು ನ್ಯಾಯಾಧೀಶರು. ಗುಮಾಸ್ತರು ಹಿಂಜರಿದರು. ನಾನು ಹೋಗಿ ತೆಗೆದುಕೊಂಡೆ. ಅತ್ತೆ ಕೈ ಅಡ್ಡ ಹಿಡಿದು ತೊಳೆಯುವ ಸನ್ನೆ ಮಾಡಿದಳು. ಕೋರ್ಟಿನ ಅಂಗಳದ ನಲ್ಲಿಯಲ್ಲಿ ಉಜ್ಜಿ ತೊಳೆದು ತಂದೆ. ಬಾಯಿಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಕೂರಿಸಿ, ದವಡೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿಕೊಂಡಳು. ಆಮೇಲೆ ಹೇಳಿದ ಮೊದಲ ಮಾತು: "ನೀರು."

ಜಬೀನಾ ವಕೀಲರೇ ತಂದುಕೊಟ್ಟರು. ಅತ್ತೆ ಅರ್ಧ ಲೋಟ ಕುಡಿದು, ಸುಧಾರಿಸಿಕೊಂಡು, ಉಳಿದ ಅರ್ಧವನ್ನು ಮುಂದಿನ ಮೇಜಿನ ಮೇಲೆ ಇಟ್ಟಳು. ಗುರುಪಾದಯ್ಯನ ವಕೀಲರು ಬೇಗ ಕಲಿಯುವ ಮನುಷ್ಯ. ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಅದರ ಮೇಲೆ ಸರಿಸಲು ಬಂದರು. ಅತ್ತೆ ಅವರ ಕೈಗೆ ಪಟ್ಟನೆ ಒಂದು ಕೊಟ್ಟಳು.

"ಮುಚ್ಚಬೇಡ."

ಅವರು ಶಾಲೆಯ ಹುಡುಗನಂತೆ ಹಿಂದಕ್ಕೆ ಸರಿದರು.

"ನಿಮಗೆ ಹೇಳೋದಕ್ಕೇನಾದ್ರೂ ಇದೆಯಾ ಅಮ್ಮ?" ಎಂದು ನ್ಯಾಯಾಧೀಶರು ಕೇಳಿದರು.

ಅತ್ತೆ ಗುರುಪಾದಯ್ಯನನ್ನು ನೋಡಿದಳು. ಬಾಗಿಲ ಬಳಿ ಮುದುರಿ ನಿಂತಿದ್ದ ಪಂಕಜಳನ್ನು ನೋಡಿದಳು. ಲೋಟವನ್ನು ಎತ್ತಿ, ಎಷ್ಟು ಹಿಡಿಯುತ್ತದೆ ಎಂದು ಅಳೆಯುವವಳಂತೆ ಕಣ್ಣಿನ ಮಟ್ಟಕ್ಕೆ ಹಿಡಿದು, ಕೆಳಗಿಟ್ಟಳು.

"ಇದು ಸಾಲಲ್ಲ ಸ್ವಾಮಿ" ಎಂದಳು. "ಒಂದು ಹಂಡೆ ತರಿಸಿ."